ಹದಿನಾಲ್ಕು ಮಿಲಿಮೀಟರಿನ ಆಸೆ

ಸಂಜೆ ಹೊತ್ತು ವಿಜಯನಗರದಿಂದ ಬಸವೇಶ್ವರನಗರದ ಕಡೆಗೆ ನಡೆದು ಹೋಗುವ ಅಭ್ಯಾಸ ಇರುವವರಿಗೆ ನಾನು ಹೇಳುವುದು ಗೊತ್ತಿರುತ್ತದೆ. ಮನೆ ಮುಂದೆ ನಿಂತ ಸಣ್ಣ ಕಾರುಗಳ ಗಾಲಿಗಳು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿವೆ. ತಮ್ಮನ ಕಾಲಿಗೆ ಅಣ್ಣನ ಬೂಟು ತೊಡಿಸಿದ ಹಾಗೆ, ಮಡ್‌ಗಾರ್ಡಿನಿಂದ ಒಂದಂಗುಲ ಆಚೆಗೆ ಇಣುಕುವ ಟೈರು, ಮಿರಿಮಿರಿ ಮಿಂಚುವ ಅಲಾಯ್ ವೀಲ್. ನೋಡಲು ಚೆಂದವೇ. ಆದರೆ ಆ ಕಾರು ತಿರುವಿನಲ್ಲಿ ಹೊರಳುವಾಗ ಒಳಗಿನಿಂದ ‘ಗರ್ರ್’ ಎಂದು ಒಂದು ಸದ್ದು ಬರುತ್ತದಲ್ಲ, ಅದನ್ನು ಕೇಳಿದರೆ ನನಗೆ ಬೋರ್ಡಿನ ಮೇಲೆ ಉಗುರು ಎಳೆದಂತಾಗುತ್ತದೆ.

ನನ್ನ ಅಕ್ಕನ ಮಗ ಕೆಂಗೇರಿ ಉಪನಗರದಲ್ಲಿದ್ದಾನೆ. 2018ರ ಮಾದರಿಯ ಸ್ವಿಫ್ಟ್ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ. ಕೆಳದರ್ಜೆಯದು, ಕಬ್ಬಿಣದ ಡಿಸ್ಕು, ಮೇಲೆ ಪ್ಲಾಸ್ಟಿಕ್ ಮುಚ್ಚಳ. ಎಲ್ಲರಂತೆ ಮೈಸೂರು ರಸ್ತೆಯ ಗಾಳಿ ಆಂಜನೇಯನ ಮುಂದೆ ನಿಲ್ಲಿಸಿ, ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸಿದ. ಎರಡೇ ತಿಂಗಳಿಗೆ ಗಾಲಿ ಬದಲಿಸುವ ಮಾತು ತೆಗೆದ. ‘ಮಾವ, ಐದು ಜನ ಕೂತರೆ ನಮ್ಮ ರಸ್ತೆ ಹಂಪ್ಸಿಗೆ ಹೊಟ್ಟೆ ತಾಗುತ್ತೆ. ದೊಡ್ಡ ಟೈರು ಹಾಕಿಸಿಬಿಡ್ತೀನಿ’ ಎಂದ. ಮಾಗಡಿ ರಸ್ತೆಯ ಒಂದು ಅಂಗಡಿಯವರು 205/65 ಆರ್ 15 ಟೈರು, ಅದಕ್ಕೆ ಹೊಂದುವ ಅಗಲ ರಿಮ್ಮು, ಎಲ್ಲ ಸೇರಿಸಿ ದರ ಹೇಳಿ ‘ಏನೂ ಉಜ್ಜಲ್ಲ, ನಾವು ಗ್ಯಾರಂಟಿ’ ಅಂದಿದ್ದರಂತೆ. ಲೆಕ್ಕ ಹಾಕಿ ಒಪ್ಪಿಗೆ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲೊಬ್ಬ ಸೈನ್ಸ್ ಮೇಷ್ಟ್ರು ಇದ್ದರೆ ಗೀಸರಿನಿಂದ ಹಿಡಿದು ಗ್ರಹಣದವರೆಗೆ ಎಲ್ಲವೂ ಅವನ ತಲೆಗೇ ತಾನೆ!

ನಾನು ಇದನ್ನು ತಮಾಷೆಯಾಗಿ ತೆಗೆದುಕೊಳ್ಳದಿರಲು ಕಾರಣ ನನ್ನ ಅಕ್ಕ. ಅವಳಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲಾರಳು. ಹದಿನೈದು ದಿನಕ್ಕೊಮ್ಮೆ ಕುಣಿಗಲ್ ಹತ್ತಿರದ ಊರಿಗೆ, ನಡುನಡುವೆ ಆಸ್ಪತ್ರೆಗೆ, ಅವಳು ಹೋಗುವುದು ಈ ಕಾರಿನಲ್ಲೇ. ಐದು ಜನ, ಡಿಕ್ಕಿಯಲ್ಲಿ ತೆಂಗಿನಕಾಯಿ ಮೂಟೆ, ಹೆದ್ದಾರಿಯಲ್ಲಿ ಎಂಬತ್ತರ ವೇಗ. ಆ ಹೊತ್ತಿಗೆ ಮುಂದಿನ ಟೈರಿನ ಪಕ್ಕೆ ಸವೆದು ಸಿಡಿದರೆ ಅಂಗಡಿಯವನ ಗ್ಯಾರಂಟಿ ಯಾವ ಉಪಯೋಗಕ್ಕೆ?

ಮೊದಲು ಟೈರಿನ ಮೇಲಿನ ಬರಹ. ಅದು ಮೂರು ಪದ್ಧತಿಗಳ ಚಿತ್ರಾನ್ನ. 165/80 ಆರ್ 14 ಎಂದರೆ ಅಗಲ 165 ಮಿಲಿಮೀಟರು; ಪಕ್ಕೆಯ ಎತ್ತರ ಆ ಅಗಲದ ಶೇಕಡಾ 80; ರಿಮ್ಮಿನ ವ್ಯಾಸ 14 ಅಂಗುಲ. ಒಂದೇ ಸಾಲಿನಲ್ಲಿ ಮೆಟ್ರಿಕ್ಕು, ಶೇಕಡಾ, ಬ್ರಿಟಿಷರ ಅಂಗುಲ! ಪರೀಕ್ಷೆಯಲ್ಲಿ ಹುಡುಗರು ಹೀಗೆ ಬರೆದರೆ ನಾನು ಅಂಕ ಕೊಡುವುದಿಲ್ಲ. ನಡುವಿನ ಆರ್ ಅಕ್ಷರವನ್ನು ಎಲ್ಲರೂ ರೇಡಿಯಸ್ ಎಂದುಕೊಳ್ಳುತ್ತಾರೆ. ಅದು ರೇಡಿಯಲ್, ಅಂದರೆ ಒಳಗಿನ ನೂಲಿನ ಎಳೆಗಳು ಚಕ್ರದ ಅರಗಳಂತೆ ನಡುವಿನಿಂದ ಹೊರಕ್ಕೆ ಹಾಯುವ ಕಟ್ಟು. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಇದರ ಪೇಟೆಂಟ್ ಪಡೆಯಿತು. ನಮ್ಮ ಕಾಲದ ಅಂಬಾಸಿಡರ್ ಟೈರಿನ ಮೇಲೆ 5.90-15 ಎಂದಷ್ಟೇ ಇರುತ್ತಿತ್ತು. ಆಗ ಶೇಕಡಾವಾರಿನ ಗೊಡವೆಯೇ ಇರಲಿಲ್ಲ.

ಈಗ ಲೆಕ್ಕ. 165ರ ಶೇಕಡಾ 80 ಅಂದರೆ 132. ಪಕ್ಕೆ ಮೇಲೊಂದು, ಕೆಳಗೊಂದು, ಒಟ್ಟು 264. 14 ಅಂಗುಲ ಎಂದರೆ 355.6 ಮಿ.ಮೀ. ಕೂಡಿದರೆ ಪೂರ್ತಿ ವ್ಯಾಸ 619.6 ಮಿ.ಮೀ. ಇದೇ ರೀತಿ 205/65 ಆರ್ 15 ಅನ್ನು ಲೆಕ್ಕ ಹಾಕಿದರೆ 647.5 ಬರುತ್ತದೆ. ವ್ಯತ್ಯಾಸ ಸುಮಾರು 28 ಮಿ.ಮೀ. ‘ಹಾಗಾದರೆ ಕಾರು 28 ಮಿಲಿಮೀಟರ್ ಏಳುತ್ತೆ!’ ಎಂದು ಹುಡುಗ ಹಿಗ್ಗಿದ. ಇಲ್ಲ ಕಣೋ, ಕಾರು ಕೂತಿರುವುದು ಗಾಲಿಯ ನಡುವಿನಲ್ಲಿ, ನೆತ್ತಿಯ ಮೇಲಲ್ಲ. ಏಳುವುದು ತ್ರಿಜ್ಯದಷ್ಟು, ಅಂದರೆ 14 ಮಿಲಿಮೀಟರ್ ಮಾತ್ರ, ಒಂದು ಬೆರಳಿನ ಅಗಲ. ಉಳಿದ 14 ಮೇಲಕ್ಕೆ, ಮಡ್‌ಗಾರ್ಡಿನ ಕಡೆಗೆ ಹೋಗುತ್ತದೆ. ಜೊತೆಗೆ ಸ್ಪೀಡೋಮೀಟರ್ ಶೇಕಡಾ ನಾಲ್ಕೂವರೆ ಹಿಂದೆ ಬೀಳುತ್ತದೆ: ಮೊದಲು ಮುಳ್ಳು ಸರಿಯಾಗಿ ತೋರಿಸುತ್ತಿತ್ತು ಎಂದಿಟ್ಟುಕೊಂಡರೆ, ಈಗ ಅದು 80 ಎಂದಾಗ ಕಾರು 83.6ರಲ್ಲಿ ಓಡುತ್ತಿರುತ್ತದೆ.

ಇನ್ನು ಆ ಹಂಪ್ಸಿನ ವಿಷಯ. ಇದು ನನಗೆ ಬಹಳ ಇಷ್ಟವಾದ ಲೆಕ್ಕ, ಕ್ಷಮಿಸಿ, ಸ್ವಲ್ಪ ಎಳೆಯುತ್ತೇನೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ರಸ್ತೆಯ ಉಬ್ಬು 3.7 ಮೀಟರ್ ಉದ್ದಕ್ಕೆ ಹರಡಿಕೊಂಡು, ನಡುವೆ 10 ಸೆಂಟಿಮೀಟರ್ ಎತ್ತರವಿರಬೇಕು; 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕು ಅದು. ಸ್ವಿಫ್ಟ್ ಕಾರಿನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 2.45 ಮೀಟರ್. ಕಾರು ಉಬ್ಬಿನ ಸರಿಮಧ್ಯಕ್ಕೆ ಬಂದಾಗ ನಾಲ್ಕೂ ಗಾಲಿಗಳು ಉಬ್ಬಿನ ಮೇಲೆಯೇ ಇರುತ್ತವೆ! ಗಾಲಿಗಳು ನಿಂತ ಮಟ್ಟದಿಂದ ಉಬ್ಬಿನ ನೆತ್ತಿ ಎಷ್ಟು ಮೇಲಿರುತ್ತದೆ? 1.225ರ ವರ್ಗವನ್ನು 34ರಿಂದ ಭಾಗಿಸಿ. ಸುಮಾರು 44 ಮಿಲಿಮೀಟರ್. ಕಾರಿನ ಹೊಟ್ಟೆ ನೆಲದಿಂದ 163 ಮಿ.ಮೀ. ಮೇಲಿದೆ ಎಂದು ಕಂಪನಿಯವರ ಪುಸ್ತಕ. ಐದು ಜನ ಕೂತು ಅದು ತಗ್ಗಿದರೂ ತಾಗುವ ಮಾತೇ ಇಲ್ಲ. ತಾಗುವುದು ನಮ್ಮ ಅಡ್ಡರಸ್ತೆಗಳ ಹಂಪು. ಮಿಕ್ಕಿದ ಕಾಂಕ್ರೀಟನ್ನು ರಾತ್ರೋರಾತ್ರಿ ಸುರಿದು, ದಿಂಡಿನಂತೆ ಕಡಿದಾಗಿ ಎಬ್ಬಿಸಿದ್ದು. ಕಾರಿನ ಉದ್ದಕ್ಕೆ ಹೋಲಿಸಿದರೆ ಅದೊಂದು ಗೋಡೆ. ಅದರ ಪೂರ್ತಿ ಎತ್ತರವೂ ಗಾಲಿಗಳ ನಡುವೆ ಹೊಟ್ಟೆಯತ್ತ ಏಳುತ್ತದೆ. ಅಂಥದ್ದಕ್ಕೆ 14 ಮಿಲಿಮೀಟರು ಎಲ್ಲಿ ಸಾಲುತ್ತದೆ? ಹಿಂದೆ ಕೂತ ಇಬ್ಬರು ಇಳಿದರೆ ಅದಕ್ಕಿಂತ ಹೆಚ್ಚು ಸಿಗುತ್ತದೆ. ನಿಜವಾದ ಕಾರಣ ಹಂಪಲ್ಲ, ಅಂದ ಎಂದು ನನಗೂ ಗೊತ್ತು, ಅವನಿಗೂ ಗೊತ್ತು. ಮೂವತ್ತರ ಹುಡುಗನಿಗೆ ಅಂದದ ಆಸೆ ಇರಬಾರದು ಎನ್ನುವವನು ನಾನಲ್ಲ.

ಉಜ್ಜುವ ಪ್ರಶ್ನೆ ಬರುವುದು ಇಲ್ಲಿ. ಎತ್ತಿನ ಗಾಡಿಯಲ್ಲಿ ಗಾಲಿ ಎಷ್ಟು ದೊಡ್ಡದಾದರೂ ಚಿಂತೆಯಿಲ್ಲ. ಅದು ಪಕ್ಕಕ್ಕೆ ಹೊರಳುವುದಿಲ್ಲ, ಮೇಲೆ ಕೆಳಗೆ ಆಡುವುದೂ ಇಲ್ಲ. ಕಾರಿನ ಮುಂದಿನ ಗಾಲಿಗೆ ಎರಡೂ ಚಾಳಿ ಉಂಟು. ಸ್ಟೇರಿಂಗ್ ತಿರುಗಿಸಿದರೆ ಮುಂಭಾಗ ಒಂದು ಕಡೆಗೆ, ಹಿಂಭಾಗ ಇನ್ನೊಂದು ಕಡೆಗೆ. ಗುಂಡಿಗೆ ಬಿದ್ದರೆ ಸ್ಪ್ರಿಂಗ್ ಕುಗ್ಗಿ ಗೂಡಿನೊಳಕ್ಕೆ. ಅಂಗಡಿಯಲ್ಲಿ ಖಾಲಿ ಕಾರನ್ನು ನೇರ ನಿಲ್ಲಿಸಿ ‘ನೋಡಿ ಸಾರ್, ಎಷ್ಟು ಜಾಗ ಇದೆ’ ಎಂದು ಬೆರಳು ತೂರಿಸಿ ತೋರಿಸುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಪೂರ್ತಿ ತಿರುಗಿಸಿ, ಪೂರ್ತಿ ಭಾರ ಹೇರಿ, ಆಮೇಲೆ ನೋಡಬೇಕು.

ಅಗಲದ ಜೊತೆ ಇನ್ನೊಂದು ಅಂಕಿ ಇದೆ, ಗಿರಾಕಿಗಳು ಕೇಳುವುದೇ ಇಲ್ಲ. ಅದು ಆಫ್‌ಸೆಟ್. ರಿಮ್ಮಿನ ಮೇಲೆ ಇಟಿ ಎಂಬ ಎರಡಕ್ಷರದ ಪಕ್ಕ ಕೊರೆದಿರುತ್ತಾರೆ. ಜರ್ಮನ್ ಪದವೊಂದರ ಕುರುಹು ಅದು. ರಿಮ್ಮಿನ ಅಗಲದ ನಡುಗೆರೆಗೂ, ಅದು ಹಬ್ಬಿಗೆ ಅಂಟಿಕೊಳ್ಳುವ ಮೈಗೂ ಇರುವ ದೂರ. ಹಳೆಯ ರಿಮ್ಮಿನದು 45 ಎಂದಿಟ್ಟುಕೊಳ್ಳಿ. 165ರ ಅರ್ಧ 82.5. ಹಬ್ಬಿನಿಂದ ಹೊರಕ್ಕೆ ಟೈರು ಚಾಚುವುದು 82.5ರಲ್ಲಿ 45 ಕಳೆದು 37.5, ಒಳಕ್ಕೆ ಕೂಡಿ 127.5. ಅಂಗಡಿಯವರು ತೋರಿಸಿದ ರಿಮ್ಮಿನ ಆಫ್‌ಸೆಟ್ 35. ಟೈರು 205, ಅದರ ಅರ್ಧ 102.5. ಹೊರಕ್ಕೆ 67.5, ಒಳಕ್ಕೆ 137.5. ಅಂದರೆ ಹೊರಗೆ 30 ಮಿಲಿಮೀಟರ್ ಮಡ್‌ಗಾರ್ಡಿನತ್ತ, ಒಳಗೆ 10 ಮಿಲಿಮೀಟರ್ ಸ್ಪ್ರಿಂಗಿನತ್ತ. ಮೇಲಕ್ಕೆ ಆಗಲೇ ಹೇಳಿದ 14. ಮೂರು ಕಡೆಯಿಂದಲೂ ಒತ್ತುವರಿ. ಬೆಂಗಳೂರಿನವರಿಗೆ ಒತ್ತುವರಿಯ ಪರಿಣಾಮ ಬಿಡಿಸಿ ಹೇಳಬೇಕಿಲ್ಲ.

ನನ್ನ ಅಂಕಿಗಳು ಹುಡುಗನಿಗೆ ಅಷ್ಟಾಗಿ ನಾಟಲಿಲ್ಲ. ಕಾಮಾಕ್ಷಿಪಾಳ್ಯದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಟೈರಿನ ಅಂಗಡಿ ಇಟ್ಟಿದ್ದಾನೆ, ಅಲ್ಲಿಗೆ ಕರೆದುಕೊಂಡು ಹೋದೆ. ಬೆಳಕಿನ ಪಾಠದಲ್ಲಿ ಯಾವಾಗಲೂ ತೂಕಡಿಸುತ್ತಿದ್ದ ಹುಡುಗ, ಈಗ ಟೈರನ್ನು ಬೆರಳಲ್ಲಿ ಸವರಿಯೇ ಕಾರಿನ ಅಲೈನ್‌ಮೆಂಟ್ ಹೇಳುತ್ತಾನೆ. ‘ಬನ್ನಿ ಸಾರ್’ ಎಂದು ಒಳಗಿನ ಮೂಲೆಯಿಂದ ಒಂದು ಟೈರನ್ನು ಉರುಳಿಸಿಕೊಂಡು ಬಂದ. ಹೊರಗಿನಿಂದ ಹೊಸದರಂತಿತ್ತು. ತಿರುಗಿಸಿ ಒಳಪಕ್ಕೆ ತೋರಿಸಿದ. ಭುಜದ ಕೆಳಗೆ ಸುತ್ತಲೂ ಚಾಕುವಿನಲ್ಲಿ ಹೆರೆದಂಥ ಗೀರು, ಒಂದು ಕಡೆ ರಬ್ಬರು ಪೂರಾ ಹೋಗಿ ನೂಲಿನ ಎಳೆಗಳು ಕಾಣುತ್ತಿದ್ದವು. ‘ಸಸ್ಪೆನ್ಷನ್‌ಗೆ ಉಜ್ಜಿರೋದು. ಹೊರಗಡೆಯಿಂದ ಕಾಣಲ್ಲ, ಓನರ್‌ಗೆ ಗೊತ್ತೇ ಇರಲಿಲ್ಲ. ಪಂಚರ್ ಅಂತ ತಂದ್ರು. ಪಕ್ಕೆ ಹೋದ್ರೆ ಪ್ಯಾಚ್ ಹಾಕೋಕಾಗಲ್ಲ ಸಾರ್, ಬಿಸಾಕೋದೇ.’

ಅಕ್ಕನ ಮಗ ಆ ಎಳೆಗಳನ್ನು ಮುಟ್ಟಿ ನೋಡಿದ. ಆಮೇಲೆ ವಾದ ಮಾಡಲಿಲ್ಲ.

ಹೊರಗಿನ ಉಜ್ಜಾಟಕ್ಕೆ ಕೆಲವರು ಮಡ್‌ಗಾರ್ಡಿನ ಒಳಅಂಚನ್ನು ತಟ್ಟಿ ಮಡಿಸುತ್ತಾರೆ, ಪ್ಲಾಸ್ಟಿಕ್ ಲೈನಿಂಗ್ ಕತ್ತರಿಸುತ್ತಾರೆ. ಕೊಡೆ ದೊಡ್ಡದಾಯಿತೆಂದು ಬಾಗಿಲು ಒಡೆದ ಹಾಗೆ. ಬಣ್ಣ ಬಿರಿದಲ್ಲಿ ಮಳೆನೀರು ಸೇರಿ ತುಕ್ಕು ಹಿಡಿಯುತ್ತದೆ. ಭಾರದ ಮಾತೂ ಇದೆ. ಟೈರಿನ ಹೊರಅಂಚಿನಲ್ಲಿ ಸೇರಿಸಿದ ಒಂದು ಕಿಲೋ, ಕಾರನ್ನು ಮುನ್ನುಗ್ಗಿಸುವಾಗ ಹೆಚ್ಚುಕಡಿಮೆ ಎರಡು ಕಿಲೋದಂತೆ ವರ್ತಿಸುತ್ತದೆ: ಅದು ಮುಂದಕ್ಕೂ ಹೋಗಬೇಕು, ಸುತ್ತಲೂಬೇಕು. ಇನ್ನು ಕಾನೂನು. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಆಧಾರದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಹೇಳಿದೆ. ಟೈರಿನ ಅಳತೆ ಅದರೊಳಗೆ ಎಷ್ಟು ಬರುತ್ತದೆಂಬ ವಾದ ವಕೀಲರಿಗಿರಲಿ. ಅಪಘಾತವಾದ ಮೇಲೆ ವಿಮೆಯವರೊಡನೆ ಆ ವಾದ ಹೂಡುವ ತಾಪತ್ರಯ ಯಾಕೆ?

ದಾರಿ ಬಹಳ ಹತ್ತಿರದಲ್ಲೇ ಇತ್ತು. ಅದೇ ಸ್ವಿಫ್ಟಿನ ಮೇಲ್ದರ್ಜೆಗೆ ಕಂಪನಿಯೇ 185/65 ಆರ್ 15 ಹಾಕಿದೆ. ಗುಣಿಸಿ ಕೂಡಿಸಿ: 621.5 ಮಿ.ಮೀ. ಹಳೆಯದಕ್ಕೂ ಇದಕ್ಕೂ ಎರಡು ಮಿಲಿಮೀಟರೂ ವ್ಯತ್ಯಾಸವಿಲ್ಲ! ರಿಮ್ಮು ಒಂದಂಗುಲ ದೊಡ್ಡದು, ಪಕ್ಕೆ ಅಷ್ಟೇ ಕುಳ್ಳು. ಆಫ್‌ಸೆಟ್ ಹಾಗೇ ಉಳಿಸಿಕೊಂಡರೆ ಎರಡೂ ಕಡೆ ಹತ್ತು ಹತ್ತು ಮಿಲಿಮೀಟರು ಹೆಚ್ಚುತ್ತದೆ, ಅಷ್ಟೆ. ಕಣ್ಣಿಗೆ ಗಾಲಿ ದೊಡ್ಡದು, ಕಾರಿಗೆ ಅಲ್ಲ. ನನ್ನ ವಿದ್ಯಾರ್ಥಿ ಇನ್ನೆರಡು ಸಂಗತಿ ಗಮನಿಸಿದ. ನಾಲ್ಕು ಬೋಲ್ಟಿನ ವೃತ್ತದ ವ್ಯಾಸ 100 ಮಿ.ಮೀ. ಇರಬೇಕು, ನಡುವಿನ ತೂತು ಹಬ್ಬಿನ 54.1 ಮಿಲಿಮೀಟರಿಗೆ ಹೊಂದಬೇಕು. ದೊಡ್ಡ ತೂತಿನ ರಿಮ್ಮಾದರೆ ನಡುವೆ ಬಳೆ ಹಾಕಲೇಬೇಕು, ಇಲ್ಲವಾದರೆ ಸ್ಟೇರಿಂಗ್ ನಡುಗುತ್ತದೆ. ಟೈರಿನ ಭಾರದ ಅಂಕಿ 88 ಇತ್ತು, ಅಂದರೆ ಒಂದೊಂದು ಟೈರು 560 ಕಿಲೋ ಹೊರಬಲ್ಲದು. ಮೂಲದ್ದಕ್ಕಿಂತ ಇದು ಕಡಿಮೆಯಾಗಬಾರದು.

ಹಾಕಿದ ಮೇಲೆ ಪರೀಕ್ಷೆ ನನ್ನದು. ನಮ್ಮಂಥವರ ಜೇಬಿನಲ್ಲಿ ಸೀಮೆಸುಣ್ಣಕ್ಕೆ ಬರವಿಲ್ಲ. ಮುಂದಿನ ಎರಡೂ ಗೂಡುಗಳ ಒಳಮೈಗೆ, ಸ್ಪ್ರಿಂಗಿನ ಕಡೆ, ಮಡ್‌ಗಾರ್ಡಿನ ಅಂಚಿಗೆ ದಪ್ಪಗೆ ಬಳಿದೆ. ಅಂಗಡಿಯ ಹುಡುಗರನ್ನೇ ಐದು ಜನ ಕೂರಿಸಿ, ಒಂದು ಗಾಲಿಯನ್ನು ಫುಟ್‌ಪಾತಿನ ಕಲ್ಲಿನ ಮೇಲೆ ಹತ್ತಿಸಿ ಸ್ಪ್ರಿಂಗ್ ಕುಗ್ಗಿಸಿ, ಸ್ಟೇರಿಂಗನ್ನು ಎಡತುದಿಗೆ ಒಮ್ಮೆ, ಬಲತುದಿಗೆ ಒಮ್ಮೆ ತಿರುಗಿಸಿಸಿದೆ. ಆಮೇಲೆ ರಿವರ್ಸಿನಲ್ಲೂ, ಏಕೆಂದರೆ ಮುಂದೆ ಹೋಗುವಾಗ ತಾಗದ್ದು ಕೆಲವೊಮ್ಮೆ ಹಿಂದೆ ಬರುವಾಗ ತಾಗುತ್ತದೆ. ಟಾರ್ಚು ಹಿಡಿದು ನೋಡಿದರೆ ಸುಣ್ಣ ಬಳಿದದ್ದು ಬಳಿದ ಹಾಗೆ ಇತ್ತು. ನೂರು ಕಿಲೋಮೀಟರು ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸು ಎಂದು ಹೇಳಿ ಕಳಿಸಿದೆವು.

ಮಾರನೆಯ ಭಾನುವಾರ ಕುಣಿಗಲ್ಲಿಗೆ ಹೋಗಿ ಬಂದು ಫೋನ್ ಮಾಡಿದ. ಸದ್ದಿಲ್ಲ, ನಡುಕವಿಲ್ಲ, ಹಂಪ್ಸಿಗೆ ಹೊಟ್ಟೆ ಮಾತ್ರ ಮೊದಲಿನ ಹಾಗೇ ಒಂದು ಸಲ ತಾಗಿತಂತೆ. ಹೊಸ ಗಾಲಿ ಹೇಗಿದೆ ಎಂದು ಹೆಮ್ಮೆಯಿಂದ ಅಮ್ಮನನ್ನು ಕೇಳಿದನಂತೆ. ‘ಬದಲಾಯಿಸಿದ್ದೀಯೇನೋ?’ ಎಂದಳಂತೆ ಅಕ್ಕ.