ಒಂದೇ ಪಠ್ಯಪುಸ್ತಕ, ಬೇರೆ ಬೇರೆ ಗುರುತುಗಳು

ನನ್ನ ಹಿರಿಯಕ್ಕನ ಮರೆವು ಆಲ್‌ಝೈಮರ್ ಕಾಯಿಲೆಯೆಂದು ವೈದ್ಯರು ತಿಳಿಸಿದಂದಿನಿಂದ ಅವಳ ಮಕ್ಕಳು, ಸೊಸೆಯಂದಿರು ನನ್ನನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ: “ಅಜ್ಜಿಗೂ ಹೀಗೇ ಆಗಿತ್ತಲ್ಲ ಮಾವ, ಇದು ನಮ್ಮ ವಂಶದಲ್ಲೇ ಇದೆಯೇ?” ಅಮ್ಮನ ಕಾಲದಲ್ಲಿ ನಾವು ಅದನ್ನು ಅರಳುಮರಳು ಎಂದು ಕರೆದು ಸುಮ್ಮನಾಗಿದ್ದೆವು. 74 ವರ್ಷದ ನನಗೂ ಈ ಪ್ರಶ್ನೆ ಅನ್ಯರದಲ್ಲ.

ಉತ್ತರವಾಗಿ ಅಮೆರಿಕದ ಇಬ್ಬರು ತದ್ರೂಪಿ ಅವಳಿ ಸೋದರರ ವೃತ್ತಾಂತವನ್ನು ಹೇಳುತ್ತೇನೆ. ಇಬ್ಬರ ವಂಶವಾಹಿಗಳೂ ಒಂದೇ, ಇಬ್ಬರೂ ಕೆಮಿಕಲ್ ಎಂಜಿನಿಯರುಗಳು. ಒಬ್ಬನಿಗೆ 60ರಲ್ಲಿ ಮರೆವು ತೊಡಗಿ, 76ರಲ್ಲಿ ಆಲ್‌ಝೈಮರ್‌ನಿಂದ ತೀರಿಕೊಂಡ. ಮತ್ತೊಬ್ಬ 79ರಲ್ಲಿ ಕ್ಯಾನ್ಸರಿನಿಂದ ಸಾಯುವವರೆಗೂ ಅವನಿಗೆ ಮರೆಗುಳಿತನ ಬಾಧಿಸಲಿಲ್ಲ. ಇಬ್ಬರ ಮಿದುಳುಗಳನ್ನು ಹೋಲಿಸಿ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ವರದಿಯಂತೆ, ರೋಗಿಯ ನರಕೋಶಗಳಲ್ಲಿ ಡಿಎನ್ಎ ಮೇಲಿನ ಮೀಥೈಲ್ ಗುರುತುಗಳು ಬಹಳ ಕಡಿಮೆಯಾಗಿದ್ದವು.

ಏನಿದು ಗುರುತು? ಅರ್ಧ ಬೆಲೆಗೆ ಕೊಂಡ ಹಳೆಯ ಪಠ್ಯಪುಸ್ತಕಗಳು ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಅಚ್ಚಾದ ಅಕ್ಷರ ಎಲ್ಲ ಪ್ರತಿಗಳಲ್ಲೂ ಒಂದೇ. ಆದರೆ ಹಿಂದೆ ಓದಿದವರು ಪೆನ್ಸಿಲಿನಲ್ಲಿ ‘ಈ ಪಾಠ ಬಿಡಿ’ ಎಂದು ಬರೆದಿರುತ್ತಿದ್ದರು. ಮೀಥೈಲ್ ಗುರುತು ಬಹುಮಟ್ಟಿಗೆ ಅಂಥದೇ. ಜೀನಿನ ಅಕ್ಷರವನ್ನು ಬದಲಿಸದೆ, ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂದು ಕೋಶಕ್ಕೆ ಸೂಚಿಸುತ್ತದೆ. ಇದರ ಅಧ್ಯಯನವೇ ಎಪಿಜೆನೆಟಿಕ್ಸ್. ಎಳೆಯ ಅವಳಿಗಳಲ್ಲಿ ಈ ಗುರುತುಗಳು ಹೆಚ್ಚುಕಡಿಮೆ ಒಂದೇ ಆಗಿದ್ದು, ವಯಸ್ಸಾದವರಲ್ಲಿ ಬಹಳ ಬೇರೆಯಾಗಿರುವುದನ್ನು ಸ್ಪೇನಿನ ವಿಜ್ಞಾನಿಗಳು 2005ರಲ್ಲಿ ತೋರಿಸಿದರು.

ಆ ರೋಗಿ ವೃತ್ತಿಯಲ್ಲಿ ಕೀಟನಾಶಕಗಳ ನಡುವೆ ಬಹುಕಾಲ ಕಳೆದಿದ್ದ. ಅದೇ ಕಾರಣವೆಂದು ಒಂದು ಜೋಡಿಯಿಂದ ತೀರ್ಮಾನಿಸಲಾಗದು. ಗುರುತುಗಳ ಬದಲಾವಣೆ ರೋಗದ ಕಾರಣವೋ ಪರಿಣಾಮವೋ ಎಂಬುದೂ ಅದರಿಂದ ತಿಳಿಯದು. ಆದರೆ ವಂಶವೊಂದೇ ಹಣೆಬರಹವಲ್ಲ ಎಂಬುದು ಸ್ಪಷ್ಟ. ಕೆಲವೇ ಕುಟುಂಬಗಳಲ್ಲಿ ಒಂದೇ ಜೀನಿನ ದೋಷದಿಂದ ನಡುವಯಸ್ಸಿನಲ್ಲೇ ಈ ರೋಗ ಬರುವುದುಂಟು. ಅಮ್ಮನಿಗೂ ಅಕ್ಕನಿಗೂ ಮರೆವು ಕಾಣಿಸಿದ್ದು 75 ದಾಟಿದ ಮೇಲೆ.

ಲ್ಯಾನ್ಸೆಟ್ ಆಯೋಗದ 2024ರ ವರದಿಯು ನಾವು ತಿದ್ದಬಹುದಾದ 14 ಅಪಾಯಕಾರಣಗಳನ್ನು ಪಟ್ಟಿಮಾಡಿದೆ. ಅವೆಲ್ಲ ಇಲ್ಲವಾದರೆ ಮರೆಗುಳಿತನದ ಸುಮಾರು 45% ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ರಕ್ತದೊತ್ತಡ, ಮಧುಮೇಹ, ಕಿವುಡು, ಒಂಟಿತನಗಳ ಜೊತೆಗೆ ಬಾಲ್ಯದಲ್ಲಿ ವಿದ್ಯೆ ಸಾಲದಿರುವುದೂ ಆ ಪಟ್ಟಿಯಲ್ಲಿದೆ.

ಆ ಸಾಲನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ತೊಟ್ಟಿಲಲ್ಲಿದ್ದ ನನ್ನನ್ನು ನೋಡಿಕೊಳ್ಳಲೆಂದು ಅಕ್ಕನನ್ನು ಮೂರನೆಯ ತರಗತಿಗೇ ಶಾಲೆ ಬಿಡಿಸಿದ್ದರು. ನಾನು ಓದಿ ಮೇಷ್ಟ್ರಾದೆ. ಅವಳ ಕಾಯಿಲೆಗೆ ಅದೇ ಕಾರಣವೆಂದಲ್ಲ. ಆದರೆ ಒಂದೇ ರಕ್ತದ ನಮ್ಮಿಬ್ಬರಿಗೆ ಸಿಕ್ಕ ಬಾಳು ಒಂದೇ ಆಗಿರಲಿಲ್ಲ.

ಮಕ್ಕಳೇ, ವಂಶವನ್ನು ನೆನೆದು ಹೆದರಬೇಡಿ. ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ. ಕಿವಿ ಮಂದವಾದರೆ ಯಂತ್ರ ಹಾಕಿಕೊಳ್ಳಲು ನಾಚಬೇಡಿ. ಅಕ್ಕನನ್ನು ಕಾಣಲು ಹೋದಾಗ “ನಾನು ಯಾರು ಹೇಳು” ಎಂದು ಪರೀಕ್ಷೆ ಮಾಡಬೇಡಿ. ನಿಮ್ಮ ಹೆಸರನ್ನು ನೀವೇ ಹೇಳಿ, ಪಕ್ಕದಲ್ಲಿ ಕುಳಿತುಕೊಳ್ಳಿ.