ಇಬ್ಬರು ರಾಜ್‌ಕುಮಾರರ ನಡುವಿನ ಗೆರೆ

ಕೊಳ್ಳೇಗಾಲದ ನೇಕಾರರ ಬೀದಿ, ಸಂಜೆ. ಲಾಳಿಯ ಸದ್ದು ನಿಂತಿದೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಯಜಮಾನರು ಟಿವಿ ಕಡೆ ಕತ್ತು ಹೊರಳಿಸಿದ್ದಾರೆ. ನೀವು ಗೋಡೆಗೊರಗಿ ಚಾಪೆಯ ಮೇಲೆ. ಹುಣಸೂರು ಕೃಷ್ಣಮೂರ್ತಿಯವರ 1977ರ 'ಬಬ್ರುವಾಹನ'. ಅಪ್ಪ ಅರ್ಜುನನೂ ರಾಜ್‌ಕುಮಾರ್, ಮಗ ಬಬ್ರುವಾಹನನೂ ರಾಜ್‌ಕುಮಾರ್. ಮಾತಿಗೆ ಮಾತು ಏರುತ್ತಿದೆ.

"ಗೆರೆ ಎಲ್ಲದ ಹೇಳಿ ನೋಡವ, ಸಾ."

ಕಣ್ಣು ಕಿರಿದು ಮಾಡುತ್ತೀರಿ. ಕಾಣದು. ಸೀರೆಯ ಒಡಲಿಗೆ ಅಂಚು ಕೂಡುವ ಜಾಗ ನೋಡಿ ನೋಡಿ ಪಳಗಿದ ಕಣ್ಣು ಅವರದು. "ಇಬ್ರ ಮಧ್ಯನೇ ಅದ ಕನ. ಇಬ್ರೂ ಅದ ದಾಟಾಕಿಲ್ಲ."

ಚಿತ್ರವನ್ನು ಎರಡು ಅರ್ಧ ಮಾಡುವ ಆ ಗೆರೆ ಡಬಲ್ ಆ್ಯಕ್ಟಿಂಗಿಗೆ ಅಂದಿನ ರೂಢಿ. ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು. ಲೆನ್ಸಿನ ಅರ್ಧಕ್ಕೆ ಕಪ್ಪು ರಟ್ಟು. ಒಂದು ಪಾತ್ರ ಚಿತ್ರಿಸಿ, ರೀಲನ್ನು ಲೆಕ್ಕವಿಟ್ಟು ಹಿಂದಕ್ಕೆ ಸುತ್ತಿ, ರಟ್ಟನ್ನು ಆಚೆ ಮಗ್ಗುಲಿಗೆ ಸರಿಸಿ, ವೇಷ ಬದಲಿಸಿ ಬಂದ ಅದೇ ನಟ ಈಗ ಖಾಲಿ ಗಾಳಿಯನ್ನು ದಿಟ್ಟಿಸಿ ಗುಡುಗಬೇಕು. ಕೈ ಗೆರೆ ದಾಟಿತೋ, ಮಣಿಕಟ್ಟಿನಿಂದಾಚೆ ಮಾಯ. ಮೈಗೆ ಮೈ ತಾಗಬೇಕಾದಲ್ಲಿ ಡೂಪಿನ ಬೆನ್ನು.

ಇಂದಿನ ಕಂಪ್ಯೂಟರು ಹುಣಸೂರರ ಕೈಗೆ ಸಿಕ್ಕಿದ್ದರೆ? ಅಪ್ಪ ಮಗನ ಭುಜ ಹಿಡಿದು ಕುಲುಕಬಹುದಿತ್ತು, ಕ್ಯಾಮೆರಾ ಇಬ್ಬರನ್ನೂ ಸುತ್ತಿ ಬರಬಹುದಿತ್ತು. ಸುತ್ತಿಸುತ್ತಿದ್ದರೇ? ನನಗೆ ಅನುಮಾನ. ನಾಟಕ ಕಂಪನಿಯ ಗರಡಿಯಲ್ಲಿ ಪಳಗಿದವರು, ಮಾತಿನ ಏಟನ್ನು ನಂಬಿದವರು. ಅಪ್ಪ-ಮಗ ಜಗಳವಾಡುವ ಹಾಡಿನಲ್ಲಿ ಒಬ್ಬನಿಗೆ ಪಿ.ಬಿ. ಶ್ರೀನಿವಾಸ್ ದನಿ, ಇನ್ನೊಬ್ಬನಿಗೆ ರಾಜ್ ಅವರದೇ ದನಿ. ಕಣ್ಣಿಗಿಂತ ಮುಂಚೆ ಕಿವಿ ಇಬ್ಬರೆಂದು ಒಪ್ಪಿಬಿಟ್ಟಿರುತ್ತದೆ. (ರಾಜ್ ತಂದೆ, ರಂಗನಟ ಪುಟ್ಟಸ್ವಾಮಯ್ಯ, ಈ ಸೀಮೆಯ ಸಿಂಗಾನಲ್ಲೂರಿನವರು. ಇಲ್ಲಿ ಆ ಮಾತೆತ್ತಿದರೆ ರಾತ್ರಿ ಊಟ ಮಾಡದೆ ಎದ್ದು ಬರಲಾಗದು.)

ಹುಣಸೂರರ 1965ರ ಕಪ್ಪು-ಬಿಳುಪು 'ಸತ್ಯ ಹರಿಶ್ಚಂದ್ರ' 2008ರಲ್ಲಿ ಕಂಪ್ಯೂಟರಿನಿಂದ ಬಣ್ಣ ತುಂಬಿಸಿಕೊಂಡು ಮತ್ತೆ ತೆರೆಗೆ ಬಂದದ್ದನ್ನು ಹೇಳುತ್ತೀರಿ. ಯಜಮಾನರ ಹುಬ್ಬು ಮೇಲೇರುತ್ತದೆ.

"ಚಂದ್ರಮತಿ ಸೀರೆಗ ಯಾವ್ ಬಣ್ಣ ಹಾಕುದ್ರು? ಕಪ್ಪು-ಬಿಳುಪಲ್ಲಿ ಕೆಂಪೂ ಕಡುಹಸುರೂ ಒಂದೇ ಥರ ಕಾಣ್ತವ. ಪಂಡರೀಬಾಯಮ್ಮ ಉಟ್ಟಿದ್ ಬಣ್ಣ ಇದೇ ಅಂತ ಅವ್ರಿಗ ಯಾರ್ ಹೇಳುದ್ರು?"

ನಿಮ್ಮ ಬಾಯಲ್ಲಿ ಉತ್ತರವಿಲ್ಲ. ಅವರು ಕಾಯುವುದೂ ಇಲ್ಲ. ಖಾಲಿಯಾದ ಕಂಡಿಕೆ ತೆಗೆದು, ಬೆಳಕಿಗೆ ಹಿಡಿದು ನೋಡಿ, ಇನ್ನೊಂದನ್ನು ಲಾಳಿಗೆ ತುರುಕುತ್ತಾರೆ. ಮಗ್ಗ ಮತ್ತೆ ಸದ್ದು ಮಾಡುತ್ತದೆ. ಒಳಮನೆಯಿಂದ ಮೊಮ್ಮಗಳ ಕೂಗು: "ತಾತಾ, ಒಸಿ ನಿಲ್ಸು, ಡೈಲಾಗ್ ಕೇಳಾಕಿಲ್ಲ!"