ಟೆಂಪೊ ಹೊರಡುವ ಮೊದಲು

ಪ್ರೀತಿಯ ಪುಟ್ಟೀ,

ನಿನ್ನ ಮೆಸೇಜು ರಾತ್ರಿ ಹನ್ನೊಂದರ ಮೇಲೆ ಬಂತು. ಅಷ್ಟು ಹೊತ್ತಾದರೂ ನೀನು ಊಟ ಮಾಡಿರಲಿಲ್ಲ ಅನ್ನೋದನ್ನ ಚಿಕ್ಕಮ್ಮನಿಗೆ ನಾನಿನ್ನೂ ಹೇಳಿಲ್ಲ. ಹೇಳಬಾರದು ಅಂತಿದ್ದರೆ ನಾಳೆಯಿಂದ ಬುತ್ತಿ ಕಟ್ಟಿಕೊಂಡು ಹೋಗು. ಈ ಮಳೆಯಲ್ಲಿ ತೀರ್ಥಹಳ್ಳಿ ಕಡೆಯ ತಿರುವುಗಳಲ್ಲಿ ನೀನು ಬೈಕ್ ಓಡಿಸುವುದನ್ನು ನೆನೆಸಿಕೊಂಡರೇ ನನಗೆ ಎದೆ ಹೊಡೆದುಕೊಳ್ಳುತ್ತದೆ. ಚಿಕ್ಕವಳಿದ್ದಾಗ ಕೊಟ್ಟಿಗೆಯಲ್ಲಿ ಜಿಗಣೆ ಕಂಡರೆ ಊರೆಲ್ಲ ಕೇಳುವ ಹಾಗೆ ಕೂಗುತ್ತಿದ್ದವಳು, ಈಗ ಗಮ್‌ಬೂಟು ಹಾಕಿಕೊಂಡು ಹೊಲ ಗದ್ದೆ ದಾಟಿ ಹೋಗಿ ಹಸುವಿಗೆ ಹೆರಿಗೆ ಮಾಡಿಸಿ ಬರುತ್ತೀ. ಹೆಮ್ಮೆ ಆಗುತ್ತದೆ ಕಣೇ.

ಹಸುವನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದಾಗಲೆಲ್ಲ ಸೋತ ಹಾಗೆ ಅನಿಸುತ್ತೆ ಅಕ್ಕಾ ಅಂತ ಬರೆದಿದ್ದೀಯ. ನನಗೂ ಮೊದಮೊದಲು ಹಾಗೇ ಅನಿಸುತ್ತಿತ್ತು. ಈಗ ಶಿವಮೊಗ್ಗದಲ್ಲಿ ಕೂತು, ನಿಮ್ಮಂಥವರು ಕಳಿಸುವ ದನಗಳನ್ನು ನೋಡುವಾಗ ಹಾಗೆ ಕಾಣುವುದಿಲ್ಲ. ಎಕ್ಸ್‌ರೇ, ಸ್ಕ್ಯಾನಿಂಗು, ಆಪರೇಷನ್ನಿನ ಸೌಕರ್ಯ ನಮ್ಮ ಹತ್ತಿರ ಇರಬಹುದು. ಆದರೆ ಆ ಹಸು ಮೊನ್ನೆ ಹೇಗಿತ್ತು, ನಿನ್ನೆ ಹೇಗಾಯಿತು ಅನ್ನೋದು ಗೊತ್ತಿರುವುದು ನಿನಗೆ. ಅದು ನಮಗೆ ತಲುಪದೇ ಹೋದರೆ ಇಲ್ಲಿರುವ ಯಂತ್ರಗಳೆಲ್ಲ ಅರ್ಧ ಕುರುಡು.

ಹೋದ ವಾರದ ಒಂದು ಕೇಸು ಹೇಳುತ್ತೇನೆ ಕೇಳು. ಯಾವ ಊರಿನದು ಅಂತ ಬೇಡ. ಜೆರ್ಸಿ ಮಿಶ್ರತಳಿ ಹಸು, ಟೆಂಪೊದಲ್ಲಿ ಬಂತು. ಜೊತೆಯಲ್ಲಿ ಬಂದವನು ಯಜಮಾನನ ಭಾವಮೈದ. ಯಾವತ್ತಿಂದ ಮೇವು ಬಿಟ್ಟಿದೆ ಅಂದರೆ, "ನಂಗೊತ್ತಿಲ್ಲ ಮೇಡಂ, ಹಾಲು ಕರೆಯೋದು ಅಕ್ಕ" ಅಂದ. ಏನು ಇಂಜೆಕ್ಷನ್ ಕೊಟ್ಟಿದ್ದಾರೆ ಅಂದರೆ, "ಒಂದು ಬಿಳೀದು, ಒಂದು ಹಳದೀದು". ಅಕ್ಕನಿಗೆ ಫೋನ್ ಹಚ್ಚಿದರೆ ಆ ಮನೆಗೆ ನೆಟ್‌ವರ್ಕ್ ಇಲ್ಲ. ಕೈಯಲ್ಲಿ ಒಂದು ಚೀಟಿ ಇತ್ತು. 'ಹೆಚ್ಚಿನ ಚಿಕಿತ್ಸೆಗಾಗಿ' ಅಂತ ಬರೆದು ಸಹಿ ಹಾಕಿದ್ದರು, ಅಷ್ಟೇ.

ಹಸು ಮುಂಗಾಲಿನ ಮೊಣಕೈಯನ್ನು ಮೈಯಿಂದ ದೂರ ಇಟ್ಟುಕೊಂಡು ನಿಂತಿತ್ತು. ತಂತಿ ನುಂಗಿರಬೇಕು ಅಂತ ನಮಗೆ ಗುಮಾನಿ. ಆದರೆ ಎದೆಯ ಕೆಳಗೆ ಬಡಿಗೆ ಹಿಡಿದು ಎತ್ತಿ ನೋಡಿದರೂ, ಹಿಣಿಲ ಹಿಂದೆ ಹಿಂಡಿ ನೋಡಿದರೂ ಅದು ನರಳಲೇ ಇಲ್ಲ. ಹಿಂದಿನ ಸಂಜೆ ನೋವಿನ ಇಂಜೆಕ್ಷನ್ ಬಿದ್ದಿತ್ತು ಅನ್ನೋದು ನಮಗೆ ತಿಳಿದದ್ದು ಮಧ್ಯಾಹ್ನದ ಮೇಲೆ. ಎರಡನೇ ಹೊಟ್ಟೆಗೂ ಗುಂಡಿಗೆಗೂ ನಡುವೆ ವಪೆಯೊಂದೇ ಅಡ್ಡ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಅಲ್ಲಿರುವ ತಂತಿ ಆ ಹೊಟ್ಟೆ ಹಿಂಡಿಕೊಂಡಾಗಲೆಲ್ಲ ಮುಂದಕ್ಕೆ ಸರಿಯಬಹುದು. ಗಂಗೆದೊಗಲಿಗೆ ನೀರು ತುಂಬಿ ಕತ್ತಿನ ನರ ಉಬ್ಬಿದ ಮೇಲೆ ಉಳಿಸುವುದು ಬಹಳ ಕಷ್ಟ. ನಮ್ಮ ಪುಣ್ಯ, ಅಲ್ಲಿಯವರೆಗೆ ಹೋಗಿರಲಿಲ್ಲ. ಸಂಜೆ ಹೊಟ್ಟೆ ತೆರೆದು ತಂತಿ ತೆಗೆದೆವು. ಈಗ ಮೆಲುಕು ಹಾಕುತ್ತಿದೆಯಂತೆ. ಆದರೂ ಆ ಅರ್ಧ ದಿನ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಔಷಧದ ಹೆಸರು, ಪ್ರಮಾಣ, ಕೊಟ್ಟ ಗಂಟೆ ಇಷ್ಟನ್ನು ಬರೆದು ಕಳಿಸಿದ್ದರೆ ಬೆಳಿಗ್ಗೆಯೇ ಮುಗಿಯುವ ಕೆಲಸ.

ನಮ್ಮ ರೋಗಿಗೆ ಬಾಯಿಲ್ಲ. ಜೊತೆಗೆ ಬರುವವರಿಗೆ ಎಷ್ಟೋ ಸಲ ವಿಷಯ ಗೊತ್ತಿರುವುದಿಲ್ಲ. ಆದ್ದರಿಂದ ಹೇಳುವ ಹೊರೆಯನ್ನು ಅವರ ತಲೆಯ ಮೇಲೆ ಹಾಕಬೇಡ, ನೀನೇ ಬರೆ. ನಿನ್ನ ಅಕ್ಷರ ಓದಲು ನಮ್ಮ ಕಾಂಪೌಂಡರಿಗೂ ಆಗುವುದಿಲ್ಲ ಬಿಡು. ಬರೆದ ಚೀಟಿಯ ಜೊತೆ ವಾಟ್ಸಾಪಿನಲ್ಲಿ ಟೈಪ್ ಮಾಡಿಯೂ ಕಳಿಸು. ಕಿವಿಯೋಲೆಯ 12 ಅಂಕಿ ಬರೆದರೆ ಯಾವ ಹಸು ಅನ್ನುವ ಗೊಂದಲವೇ ಇರುವುದಿಲ್ಲ. ಗಬ್ಬವಿದ್ದರೆ ಎಷ್ಟು ತಿಂಗಳು ಅಂತ ಬರೆ. ತುಂಬಿದ ಗಬ್ಬದ ಹಸುವಿಗೆ ಇಲ್ಲಿ ಯಾರಾದರೂ ತಿಳಿಯದೆ ಸ್ಟೀರಾಯ್ಡ್ ಕೊಟ್ಟರೆ ಕಂದು ಹಾಕಿಬಿಡಬಹುದು. ಕೆಚ್ಚಲು ಬಾವಿನ ಕೇಸಾದರೆ ಆಂಟಿಬಯೋಟಿಕ್ ಕೊಡುವ ಮೊದಲೇ ಹಾಲಿನ ಮಾದರಿ ತೆಗೆದಿಡು. ಆಮೇಲೆ ತೆಗೆದರೆ ಲ್ಯಾಬಿನಲ್ಲಿ ಏನೂ ಬೆಳೆಯದೆ ಹೋಗಬಹುದು.

ಒಂದು ವಿಷಯ ಮಾತ್ರ ಚೀಟಿಗೂ ಮೊದಲೇ ನಮಗೆ ತಿಳಿಯಬೇಕು. ಜೊಲ್ಲು ಸುರಿಸುತ್ತಾ, ನುಂಗಲಾಗದೆ, ಒಡಕು ದನಿಯಲ್ಲಿ ಕೂಗುವ ಹಸುವನ್ನು ಮನೆಯವರು 'ಗಂಟಲಿಗೆ ಅಡಿಕೆಯೋ ಮಾವಿನ ಓಟೆಯೋ ಸಿಕ್ಕಿರಬೇಕು' ಅಂತ ಹೇಳುತ್ತಾರೆ. ಅದು ಹುಚ್ಚುನಾಯಿ ರೋಗವೂ ಇರಬಹುದು. ನಾಯಿ ಕಚ್ಚಿದ್ದನ್ನು ಯಾರೂ ನೋಡಿರುವುದಿಲ್ಲ. ಸ್ವಲ್ಪ ಅನುಮಾನವಿದ್ದರೂ ಬಾಯಿಗೆ ಕೈ ಹಾಕಬೇಡ, ಟೆಂಪೊ ಹತ್ತಿಸಲೂ ಬೇಡ. ಮೊದಲು ಫೋನ್ ಮಾಡು. ಅನುಮಾನ ತಿಳಿಸದೆ ಕಳಿಸಿದರೆ ಇಲ್ಲಿ ಹುಡುಗರು ಗಂಟಲು ನೋಡಲು ಹೋಗುತ್ತಾರೆ.

ಫೋನ್ ಮಾಡುವುದರಿಂದ ಇನ್ನೂ ಎಷ್ಟೋ ಅನುಕೂಲ. ಅವತ್ತು ಇಲ್ಲಿ ಸರ್ಜನ್ ಇದ್ದಾರೋ ಇಲ್ಲವೋ ತಿಳಿಯುತ್ತದೆ. ಉಣ್ಣೆ ಜ್ವರದಲ್ಲಿ ರಕ್ತ ತೀರಾ ಇಳಿದ ಹಸುವಾದರೆ, ಅದೇ ಕೊಟ್ಟಿಗೆಯ ಇನ್ನೊಂದು ಗಟ್ಟಿ ಹಸುವನ್ನೂ ರಕ್ತ ಕೊಡಲು ಕರೆತನ್ನಿ ಅಂತ ನಾವು ಹೇಳಬಹುದು. ತುರ್ತಿಲ್ಲದ ಆಪರೇಷನ್ನಿಗೆ 24 ಗಂಟೆ ಮೊದಲೇ ಮೇವು ನಿಲ್ಲಿಸಬೇಕು. ನಮ್ಮ ಜನ ದೂರದ ಪ್ರಯಾಣ ಅಂತ ಪ್ರೀತಿಯಿಂದ ಹುಲ್ಲು ಬೂಸಾ ಹೊಟ್ಟೆ ತುಂಬ ಕೊಟ್ಟು ಕರೆತರುತ್ತಾರೆ, ಆಪರೇಷನ್ ಮಾರನೆಯ ದಿನಕ್ಕೆ ಹೋಗುತ್ತದೆ. ನಿಲ್ಲಲಾಗದ ಹಸುವನ್ನು ಒಂದೇ ಮಗ್ಗುಲಿಗೆ ಚಾಚಿ ಮಲಗಿಸಿ ತರಬಾರದು, ಹೊಟ್ಟೆ ಉಬ್ಬರಿಸುತ್ತದೆ. ಎದೆಯ ಮೇಲೆ ಕೂರಿಸಿ ಎರಡೂ ಬದಿಗೆ ಹುಲ್ಲಿನ ಮೂಟೆ ಒತ್ತಿಡಲು ಹೇಳು. ಎಷ್ಟೋ ಸಲ ಹಸು ಬರುವುದೇ ಬೇಡವಾಗುತ್ತದೆ. ಫೋನಿನಲ್ಲೇ ಮಾತಾಡಿಕೊಂಡು ನೀನೇ ಅಲ್ಲಿ ಮಾಡಿ ಮುಗಿಸಬಹುದು.

ಮನೆಯವರ ಹತ್ತಿರ ಖರ್ಚಿನ ಮಾತು ಮುಚ್ಚಿಡಬೇಡ. ಟೆಂಪೊ ಬಾಡಿಗೆ, ಹೊರಗೆ ತರಬೇಕಾದ ಔಷಧ, ಡೇರಿಗೆ ಹಾಕಲಾಗದ ಹಾಲು, ಎಲ್ಲ ಸೇರಿದರೆ ಸಣ್ಣ ರೈತರಿಗೆ ಅದು ದೊಡ್ಡ ಮೊತ್ತ. ಉಳಿಯುವ ಆಸೆ ಎಷ್ಟಿದೆ ಅಂತಲೂ ಹೇಳು. ಎಲ್ಲ ಕೇಳಿಯೂ ಹೋಗಲ್ಲ ಅಂದರೆ ಅವರ ಮೇಲೆ ಮುನಿಸಿಕೊಳ್ಳಬೇಡ. ನೋವು ಕಡಿಮೆ ಮಾಡುವುದು ನಿನ್ನ ಕೈಯಲ್ಲಿ ಇದ್ದೇ ಇದೆ.

ಇನ್ನು ನಮ್ಮ ಕಡೆಯ ಮಾತು. ಕಳಿಸಿದ ಡಾಕ್ಟರಿಗೆ ಉತ್ತರ ಬರೆಯದೆ ಹಸುವನ್ನು ವಾಪಸ್ ಕಳಿಸುವುದು ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಅದು ತಪ್ಪು. ಹೊಲಿಗೆ ಬಿಚ್ಚುವವಳು ನೀನು, ಡ್ರೆಸ್ಸಿಂಗ್ ಮಾಡುವವಳು ನೀನು, ರಾತ್ರಿ ಹಸು ಬಿದ್ದರೆ ಬಾಗಿಲು ತಟ್ಟುವುದು ನಿನ್ನದನ್ನೇ. ಒಳಗೆ ಏನು ಕಂಡೆವು, ಏನು ಮಾಡಿದೆವು, ಯಾವ ಔಷಧ ಎಷ್ಟು ದಿನ, ಹಾಲು ಯಾವತ್ತಿನವರೆಗೆ ಉಪಯೋಗಿಸಬಾರದು, ಇಷ್ಟು ನಿನಗೆ ಬರಲೇಬೇಕು. ಬರದಿದ್ದರೆ ಸಂಕೋಚ ಬಿಟ್ಟು ಕೇಳು, ಜಗಳವಾಡಿಯಾದರೂ ಕೇಳು. ಜಗಳಕ್ಕೆ ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂತ ನಮ್ಮನೆಯವರಿಗೆಲ್ಲ ಗೊತ್ತು!

ದೊಡ್ಡಪ್ಪನ ಮಂಡಿನೋವು ಈಗ ಪರವಾಗಿಲ್ಲ. ಹಬ್ಬಕ್ಕೆ ಬರುವಾಗ ರಜೆ ಎರಡು ದಿನ ಜಾಸ್ತಿ ಹಾಕು. ಆಮೇಲೆ, ನಿನ್ನ ರೇಬೀಸ್ ಲಸಿಕೆ ಪೂರ್ತಿ ಆಯಿತೋ ಇಲ್ಲವೋ ಅಂತ ಕೇಳಿದ್ದಕ್ಕೆ ನೀನು ಉತ್ತರವನ್ನೇ ಕೊಟ್ಟಿಲ್ಲ. ಆಗಿಲ್ಲದಿದ್ದರೆ ಈ ವಾರವೇ ಹೋಗಿ ಹಾಕಿಸಿಕೊಂಡು ನನಗೆ ಮೆಸೇಜು ಹಾಕು.

ನಿನ್ನ ಅಕ್ಕ